ಆಯುಧಪೂಜೆಯ ಮರುದಿನ ಕೆಂಪಾದ ಬಿಳಿ ಕೋಟುಗಳ ಕುರಿತು

ಇವರಿಗೆ,
ಶ್ರೀಯುತ ಬಟ್ಟೆ ಒಗೆಯುವ ಯಂತ್ರದವರು,
ಅಡುಗೆಮನೆಯ ಹಿಂದಿನ ಬಾಲ್ಕನಿ, ಮೊದಲನೇ ಮಹಡಿ,
ಮುನಿಕೆಂಪಮ್ಮನವರ ಕಟ್ಟಡ, ಕೊಡಿಗೇಹಳ್ಳಿ.

ಪ್ರತಿ: ತಾರಸಿಯ ಬಾಗಿಲಿಗೆ ಅಂಟಿಸಲು, ಕಟ್ಟಡದ ಎಲ್ಲ ಬಾಡಿಗೆದಾರರ ಗಮನಕ್ಕಾಗಿ.

ಮಾನ್ಯರೇ,

ಏಳು ಕೆ.ಜಿ. ಹೊರೆ ಹೊರುವ ಶಕ್ತಿಯನ್ನು ಹಣೆಯ ಮೇಲೇ ಬರೆಸಿಕೊಂಡಿದ್ದರೂ ಎಂದೂ ಬಡಾಯಿ ಕೊಚ್ಚಿಕೊಳ್ಳದ, ಕೆಲಸ ಮುಗಿದೊಡನೆ ಸಣ್ಣದೊಂದು ರಾಗ ಹಾಡಿ ಸುಮ್ಮನಾಗಿಬಿಡುವ ತಮಗೆ, ತಮ್ಮ ಗುಂಡನೆಯ ಗಾಜಿನ ಬಾಗಿಲಿಗೆ, ನೀರು ಬಿಡುವ ಕೊಳವೆಗೆ ಹಾಗೂ ಗಡಗಡ ನಡುಗುವ ನಾಲ್ಕೂ ಪಾದಗಳಿಗೆ ಈ ಬಾಲರಾಜನ ಅನಂತ ನಮಸ್ಕಾರಗಳು. ನಾವಿಬ್ಬರೂ ಆರು ವರ್ಷದಿಂದ ಒಂದೇ ಸೂರಿನಡಿ ಇದ್ದರೂ ಪರಸ್ಪರ ಪರಿಚಯವಾಗಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿದ ಬಟ್ಟೆಯನ್ನು ತಾವಿರುವ ದಿಕ್ಕಿಗೆ ಎಸೆಯುವುದು, ಎರಡು ದಿನ ಬಿಟ್ಟು ಅದೇ ಬಟ್ಟೆಯನ್ನು ಬೀರುವಿನಿಂದ ಎತ್ತಿಕೊಳ್ಳುವುದು, ಇಷ್ಟೇ ನಮ್ಮ ನಡುವಿನ ವ್ಯವಹಾರವಾಗಿತ್ತು; ನಡುವೆ ಆ ಬಟ್ಟೆ ಎಲ್ಲೆಲ್ಲಿ ಹೋಗಿ ಬರುತ್ತಿತ್ತು ಎಂದು ನಾನು ವಿಚಾರಿಸಿದವನಲ್ಲ.

ನನ್ನ ಕಸುಬನ್ನು ತಮಗೆ ಹೇಳಿಕೊಳ್ಳಬೇಕು. ನಾನು ವಿಮಾನ ನಿಲ್ದಾಣದ ರಸ್ತೆಯ ಪಕ್ಕದಲ್ಲಿರುವ ಒಂದು ಡ್ರೈವಿಂಗ್ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕಾರು ಕಲಿಸುತ್ತಿರುವ ಮೇಷ್ಟರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತ ನನ್ನ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುವುದರಿಂದ ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರಿನಲ್ಲಿ ಯಾರೇ ಕಣ್ಣು ಮುಚ್ಚಿಕೊಂಡರೂ ನಾನು ಹೆದರುವುದಿಲ್ಲ. ಇಷ್ಟು ಜನರಿಗೆ ಕಲಿಸಿದವನಿಗೆ ಹೆತ್ತ ಇಬ್ಬರು ಮಕ್ಕಳಿಗೆ ನಾಲ್ಕು ಬಟ್ಟೆ ಒಗೆಯುವುದನ್ನು ಕಲಿಸುವುದು ಯಾವ ಲೆಕ್ಕ ಎಂಬ ಅಹಂಕಾರ ನನ್ನಲ್ಲಿ ಹುಟ್ಟಿದ್ದರೆ ಅದಕ್ಕೆ ಆ ಎರಡು ಪೆಡಲುಗಳೇ ಕಾರಣ.

ಕಲಿಸುವ ಪ್ರಸಂಗ ಬಂದದ್ದು ಹೀಗೆ. ನನ್ನ ಹೆಂಡತಿ ಶಶಿರೇಖಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನೀಷಿಯನ್. ಹುಬ್ಬಳ್ಳಿಯಲ್ಲಿ ಆರು ವಾರದ ತರಬೇತಿ ಮುಗಿಸಿ ಬಂದರೆ ಆ ಲ್ಯಾಬಿಗೆ ಅವಳೇ ಮೇಲ್ವಿಚಾರಕಿ. ಈ ಅವಕಾಶ ಹಿಂದೆ ಎರಡು ಸಲ ಬಂದಿತ್ತು, ಎರಡು ಸಲವೂ ಅವಳು ಬೇಡವೆಂದಳು, ಎರಡು ಸಲವೂ ನಾನು ಕಾಫಿ ಹೀರುತ್ತಾ ಧಾರಾಳವಾಗಿ, “ನೀನಿಲ್ದೆ ಈ ಮನೆ ಒಂದ್ ದಿನಾನೂ ನಡೆಯಲ್ಲ ಕಣೇ” ಅಂದಿದ್ದೆ. ಹಾಗನ್ನುವಾಗ ಅವಳನ್ನು ಹೊಗಳುತ್ತಿದ್ದೇನೆಂದೇ ನಂಬಿದ್ದೆ, ಮಾನ್ಯರೇ. ಈಗ ಮೂರನೇ ಸಲ ಆ ಪತ್ರ ಬಂದಾಗ ಅವಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ, “ನೋಡ್ರೀ, ದಸರಾ ಮುಗಿಯೋವರ್ಗೂ ನಾನು ಒಂದ್ ಬಟ್ಟೇನೂ ಮುಟ್ಟಲ್ಲ. ನೀವೂ ಮಕ್ಳೂ ಸೇರ್ಕೊಂಡು ಒಗ್ದು, ಒಣಗ್ಸಿ, ಮಡಚಿಟ್ಕೊಂಡ್ರೆ ನಾನು ಹೋಗ್ತೀನಿ. ಇಲ್ಲಾಂದ್ರೆ ಶುಕ್ರವಾರ ಬರಲ್ಲ ಅಂತ ಬರ್ದು ಕೊಟ್ಬಿಡ್ತೀನಿ, ಇನ್ನೊಂದ್ ಸಲ ಅವ್ರೂ ಕೇಳಲ್ಲ” ಅಂದಳು. ‘ನೀವೂ ಮಕ್ಕಳೂ’ ಎಂಬುದರಲ್ಲಿ ಮಕ್ಕಳನ್ನು ಮಾತ್ರ ಎತ್ತಿಕೊಂಡು, ನನ್ನನ್ನು ನಾನೇ ಮೇಷ್ಟರ ಕುರ್ಚಿಯಲ್ಲಿ ಕೂರಿಸಿಕೊಂಡೆ.

ಹೀಗೆ ಎಂಟನೇ ತರಗತಿಯ ಮಗಳು ರಾಣಿ ಮತ್ತು ಒಂಬತ್ತನೇ ತರಗತಿಯ ಮಗ ಅಜ್ಜು ತಮ್ಮ ಸನ್ನಿಧಿಯಲ್ಲಿ ಎರಡು ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತರು, ನಾನು ನಿಂತೆ. ಮೊದಲ ಪಾಠ ಜೇಬು. ಜೇಬು ತಡಕದೆ ಬಟ್ಟೆ ಹಾಕುವವನು ಕನ್ನಡಿ ನೋಡದೆ ಗಾಡಿ ತೆಗೆದವನಿಗೆ ಸಮ ಎಂದು ನಾನೇ ಒಂದು ಸೂತ್ರ ಕಟ್ಟಿ, ಅದನ್ನು ಇಬ್ಬರಿಂದಲೂ ನೋಟ್‌ಬುಕ್ಕಿನಲ್ಲಿ ಮೂರು ಸಲ ಬರೆಸಿದೆ. ಎರಡನೆಯದು ವಿಂಗಡಣೆ: ಬಿಳಿಯದು ಒಂದು ಗುಡ್ಡೆ, ಬಣ್ಣದ್ದು ಒಂದು ಗುಡ್ಡೆ. ಇದನ್ನು ನಾನು ಕೈಯಾಡಿಸಿ ವಿವರಿಸುತ್ತಿರುವಾಗ ರಾಣಿ ಎರಡು ಬೆರಳಿನಲ್ಲಿ ನನ್ನ ಬನಿಯನ್ನೊಂದನ್ನು ಎತ್ತಿ ಹಿಡಿದು, “ಅಪ್ಪಾ, ಇದು ಯಾವ್ ಗುಡ್ಡೆಗೆ?” ಎಂದು ಬಹಳ ವಿನಯದಿಂದ ಕೇಳಿದಳು. ಅಂಗಡಿಯಿಂದ ತಂದಾಗ ಅದು ಬಿಳಿಯದೇ ಆಗಿತ್ತೆಂದು ನಾನು ಸಾಕ್ಷಿ ಹೇಳಬಲ್ಲೆ, ಆದರೆ ಆ ಕಾಲ ಹೋಗಿ ಬಹಳ ದಿನವಾಗಿತ್ತು. ಕೊನೆಗೆ ಅದಕ್ಕೆಂದೇ ಮೂರನೆಯ ಗುಡ್ಡೆಯೊಂದನ್ನು ಮಾಡಲಾಯಿತು.

ಮೂರನೇ ಪಾಠದಲ್ಲಿ ನನ್ನ ಪಾಂಡಿತ್ಯ ಪೂರ್ತಿ ಹೊರಬಿತ್ತು. ಅಂಗಿಗಳ ಒಳಗೆ ಹೊಲಿದಿರುವ ಪುಟ್ಟ ಚೀಟಿಯಲ್ಲಿ ತ್ರಿಕೋನ, ವೃತ್ತ, ಚೌಕಗಳನ್ನು ಕಂಡೊಡನೆ ನನಗೆ ತವರೂರಿಗೆ ಬಂದಷ್ಟು ಖುಷಿಯಾಯಿತು. ಹನ್ನೊಂದು ವರ್ಷದಿಂದ ಬೋರ್ಡಿನ ಮೇಲೆ ಬರೆದು ಕಲಿಸುತ್ತಿರುವುದು ಅವನ್ನೇ ಅಲ್ಲವೇ? ತ್ರಿಕೋನವೆಂದರೆ ಎಚ್ಚರಿಕೆ, ವೃತ್ತವೆಂದರೆ ಕಡ್ಡಾಯ, ಚೌಕವೆಂದರೆ ಮಾಹಿತಿ ಎಂದು ಶುರುಮಾಡಿ, ಚೌಕದೊಳಗೊಂದು ವೃತ್ತವಿದ್ದರೆ ಮುಂದೆ ದುಂಡು ಸರ್ಕಲ್ ಬರಲಿದೆಯೆಂದೂ, ತ್ರಿಕೋನದ ಮೇಲೆ ಕಾಟು ಹೊಡೆದಿದ್ದರೆ ಎಚ್ಚರಿಕೆ ಬೇಕಿಲ್ಲ, ದಾರಿ ನಿರಾಳವೆಂದೂ, ಬೋಗುಣಿಯಲ್ಲಿ ಕೈಯಿಟ್ಟ ಚಿತ್ರವಿದ್ದರೆ ಬಟ್ಟೆ ಮುಟ್ಟುವ ಮುಂಚೆ ಕೈ ತೊಳೆಯಬೇಕೆಂದೂ ನಿರರ್ಗಳವಾಗಿ ಬೋಧಿಸಿದೆ. ಅಜ್ಜು ಪಾಪ, ಮೇಷ್ಟರಿಗೆ ಅವಮಾನವಾಗದಿರಲೆಂದು ಪಾಠ ಮುಗಿಯುವವರೆಗೂ ಕಾದು, ಆಮೇಲೆ ಮೊಬೈಲು ತೋರಿಸಿ, “ಅಪ್ಪಾ, ಕಾಟು ಹೊಡ್ದಿರೋ ತ್ರಿಕೋನ ಅಂದ್ರೆ ಬ್ಲೀಚ್ ಹಾಕ್ಬಾರ್ದು ಅಂತ. ಆ ಕೈ ಇರೋದು, ಕೈಯಲ್ಲೇ ಒಗೀಬೇಕು ಅಂತ. ನೀನು ಹೇಳಿದ್ದೂ ಚೆನ್ನಾಗೇ ಇತ್ತು, ಬಿಡು” ಅಂದ. ಆ ಕೊನೆಯ ಮಾತಿನಷ್ಟು ನೋವು ನನಗೆ ಇಡೀ ದಸರಾದಲ್ಲಿ ಇನ್ಯಾವುದರಿಂದಲೂ ಆಗಲಿಲ್ಲ.

ಮರುದಿನ ಕಾವೇರಿ ನೀರಿನ ಸರದಿ ಇರಲಿಲ್ಲ. ಬೋರ್‌ವೆಲ್ ನೀರಿಗೆ ನೊರೆ ಬರುವುದಿಲ್ಲ ಎಂದು ಎಲ್ಲೋ ಕೇಳಿದ್ದ ನೆನಪಿನಿಂದ ನಾನು ಸೋಪಿನ ಪುಡಿಯನ್ನು ಧಾರಾಳವಾಗಿಯೇ ಸುರಿದೆ. ತಾವು ಮೊದಲು ಒಂದು ನಿಟ್ಟುಸಿರು ಬಿಟ್ಟಿರಿ, ಆಮೇಲೆ ಪುಡಿಯ ಅರೆಯಿಂದ, ಬಾಗಿಲ ಸಂದಿನಿಂದ, ಎಲ್ಲಿ ದಾರಿ ಸಿಕ್ಕಿತೋ ಅಲ್ಲಿಂದ ನೊರೆ ಉಕ್ಕಿಸಿದಿರಿ. ಬಾಲ್ಕನಿಯ ತೂತಿನಿಂದ ಅದು ಕೆಳಗಿಳಿದು, ನೆಲಮಹಡಿಯಲ್ಲಿರುವ ಮನೆಯ ಒಡತಿ ಮುನಿಕೆಂಪಮ್ಮನವರು ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಈ ಊರು ಊರಾಗಿದ್ದ ಕಾಲದಿಂದ ಇಲ್ಲೇ ಇರುವ ಆ ತಾಯಿ ತಲೆಯೆತ್ತಿ, “ಏನ್ ಬಾಲರಾಜಪ್ಪ, ಮ್ಯಾಲಿಂದ ಮಜ್ಜಿಗೆ ಉಯ್ತಾ ಇದ್ದೀಯ?” ಎಂದು ಕೇಳಿದರು. ಅಂದಿನಿಂದ ಪುಡಿ ಅಳೆಯುವ ಅಧಿಕಾರವನ್ನು ರಾಣಿ ತಾನೇ ವಹಿಸಿಕೊಂಡಳು, ಯಾವ ಗುಂಡಿ ಯಾವ ಬಟ್ಟೆಗೆಂಬುದನ್ನು ಅಜ್ಜು ನೋಡಿಕೊಂಡ, ಬಣ್ಣದ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ನೆರಳಿನಲ್ಲಿ ಒಣಗಿಸುವುದನ್ನು ಇಬ್ಬರೂ ಎಲ್ಲಿಂದಲೋ ಕಲಿತುಬಂದರು. ಬುಧವಾರ ಬರುವ ಹೊತ್ತಿಗೆ ಬೀರುವಿನಲ್ಲಿ ಮಡಚಿದ ಬಟ್ಟೆ ಸಾಲಾಗಿ ಕೂತಿತ್ತು. ಅದನ್ನು ನೋಡಿ ನಾನು ನನ್ನ ಬೋಧನೆಯನ್ನು ಮೆಚ್ಚಿಕೊಂಡೆ.

ಆ ಬುಧವಾರವೇ ಆಯುಧಪೂಜೆ. ನಮ್ಮ ಕಸುಬಿನವರಿಗೆ ಅದು ವರ್ಷದ ದೊಡ್ಡ ದಿನ. ಶಾಲೆಯ ಕಾರುಗಳನ್ನು ತೊಳೆದು, ಬಾನೆಟ್ಟಿಗೆ, ಸ್ಟೇರಿಂಗಿಗೆ, ಎಂಜಿನ್ನಿಗೆ, ನನ್ನ ಆ ಎರಡು ಪೆಡಲುಗಳಿಗೂ ಅರಿಶಿನ ಕುಂಕುಮವಿಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಬಂದೆ. ಕಲಸಿದ ಅರಿಶಿನ ಅರ್ಧ ಬಟ್ಟಲು, ನಿಂಬೆಹಣ್ಣು ಐದಾರು ಉಳಿದಿದ್ದವು. ಮನೆಗೆ ಬಂದವನು ತಮ್ಮ ಮುಂದೆ ಕೈಮುಗಿದು ನಿಂತೆ. ಎಲ್ಲರ ಮನೆಯಲ್ಲೂ ಯಂತ್ರದ ಹೊರಗೆ ಮೂರು ಬೊಟ್ಟಿಟ್ಟು ಒಂದು ಚೆಂಡುಹೂವು ಸಿಕ್ಕಿಸಿ ಮುಗಿಸುತ್ತಾರೆ, ಆದರೆ ಎಂಜಿನ್ನಿನವರೆಗೂ ಹೋಗಿ ಪೂಜಿಸಿ ಅಭ್ಯಾಸವಿರುವ ನನಗೆ ಅದು ಶಾಸ್ತ್ರಕ್ಕೆ ಮಾಡಿದಂತೆ ಕಂಡಿತು. ಆದ್ದರಿಂದ ಬಾಗಿಲು ತೆರೆದು, ತಮ್ಮ ಒಡಲಿನೊಳಕ್ಕೆ ಭುಜದವರೆಗೆ ಕೈಹಾಕಿ, ಬಟ್ಟೆ ತಿರುಗಿಸುವ ಡ್ರಮ್ಮಿನ ಮೂರು ಏಣುಗಳಿಗೂ ಬಾಗಿಲ ರಬ್ಬರಿನ ಸುತ್ತಿಗೂ ಅರಿಶಿನ ಮೆತ್ತಿ, ಮೇಲೊಂದು ಹಿಡಿ ಅಕ್ಷತೆ ಎರಚಿದೆ. ಪಾದಕ್ಕೆ ನಿಂಬೆಹಣ್ಣಿಡಲು ಹೋದಾಗ ರಾಣಿ, “ಅದು ಎಲ್ಲಿಗೂ ಹೋಗಲ್ಲಪ್ಪಾ” ಅಂದಳು. ಹಿಂಡುವ ಹೊತ್ತಿಗೆ ತಾವು ಅರ್ಧ ಅಡಿ ನಡೆಯುವುದನ್ನು ಅವಳಿಗೆ ನೆನಪಿಸಿದೆನಾದರೂ, ಹಣ್ಣುಗಳನ್ನು ತಮ್ಮ ತಲೆಯ ಮೇಲಿನ ತಟ್ಟೆಯಲ್ಲೇ ಇಟ್ಟೆ.

ಗುರುವಾರ ವಿಜಯದಶಮಿ. ಶಶಿರೇಖಾಳಿಗೆ ಡ್ಯೂಟಿ ಇತ್ತು, ನನಗೆ ರಜೆ. ಮಾರನೆಯ ದಿನ ಹತ್ತು ಗಂಟೆಗೆ ಅವಳು ಹೋಗುವುದನ್ನೋ ಬಿಡುವುದನ್ನೋ ಬರೆದು ಕೊಡಬೇಕಿತ್ತು. ಅವಳು ಬಾಯಿಬಿಟ್ಟು ಕೇಳಿರಲಿಲ್ಲ, ಆದರೂ ಹುಬ್ಬಳ್ಳಿಗೆ ಒಯ್ಯುವ ಮೂರು ಬಿಳಿ ಕೋಟುಗಳನ್ನು ನಾನೇ ಒಗೆದು ಮಡಚಿಟ್ಟರೆ ಆ ಕಾಗದ ನಮ್ಮ ಪರವಾಗಿ ತಾನೇ ಬರೆದುಕೊಳ್ಳುತ್ತದೆಂದು ನನಗೆ ತೋಚಿತು. ರಾಣಿ, “ಅಮ್ಮನ್ ಕೋಟ್ ಬೇಡಪ್ಪಾ, ಅವ್ಳೇ ನೋಡ್ಕೋತಾಳೆ” ಅಂದಳು, ಕೇಳಲಿಲ್ಲ. ಅಜ್ಜು, “ಒಳಗಡೆ ಅರಿಶಿನ ಒರ್ಸಿದ್ಯಾ?” ಎಂದು ಕೇಳಿದ, “ಪೂಜೆ ಮಾಡಿದ್ ಅರಿಶಿನ ಯಾರಾದ್ರೂ ಒರೆಸಿ ಹಾಕ್ತಾರೇನೋ?” ಎಂದು ಅವನ ಬಾಯಿ ಮುಚ್ಚಿಸಿದೆ. ಮೂರು ಕೋಟು, ಮಕ್ಕಳ ಎರಡು ಜೊತೆ ಬಿಳಿ ಯೂನಿಫಾರ್ಮು ಒಳಗೆ ಹೋದವು, ಬಾಗಿಲು ಟಕ್ ಎಂದಿತು.

ಇಲ್ಲಿಂದ ಮುಂದೆ ನನ್ನ ದೂರು, ಮಾನ್ಯರೇ. ಹತ್ತು ನಿಮಿಷವಾಗಿರಬಹುದು, ತಮ್ಮ ಗಾಜಿನ ಹಿಂದೆ ಬಿಳಿ ಬಟ್ಟೆಗಳು ಮೊದಲು ನಸುಗೆಂಪಾದವು, ಆಮೇಲೆ ಅಲ್ಲಲ್ಲಿ ವೀಳ್ಯ ಉಗುಳಿದಂತೆ ಕೆಂಪಾದವು, ನೀರೂ ಕೆಂಪಾಯಿತು. ನಾನು ಬಾಗಿಲು ಎಳೆದೆ, ತಾವು ತೆಗೆಯಲಿಲ್ಲ. ಕಂಡಕಂಡ ಗುಂಡಿ ಒತ್ತಿದೆ. ತಾವು ಒಂದೊಂದಕ್ಕೂ ಕುಂಯ್ ಎಂದಿರೇ ಹೊರತು ನಿಲ್ಲಲಿಲ್ಲ. ಪರದೆಯ ಮೇಲೆ ಇನ್ನೂ ಮೂವತ್ತೆಂಟು ನಿಮಿಷವೆಂದಿತ್ತು. ಆಗ ನನ್ನ ಬಲಗಾಲು ತಾನಾಗಿಯೇ ಬಾಲ್ಕನಿಯ ನೆಲವನ್ನು ಬಲವಾಗಿ ಒತ್ತತೊಡಗಿದ್ದನ್ನು ಇಬ್ಬರು ಮಕ್ಕಳೂ ನೋಡಿದರು. ಅಲ್ಲಿ ಬ್ರೇಕು ಇರಲಿಲ್ಲ. ನಿಜ ಹೇಳುತ್ತೇನೆ, ಆ ಮೂವತ್ತೆಂಟು ನಿಮಿಷ ನಾನು ಅಳುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಅವಳು ಸಂಜೆ ಬಂದು ನೋಡಿ, ಬೈಯುವ ಗೋಜಿಗೂ ಹೋಗದೆ, ಫ್ರಿಜ್ಜಿನ ಮೇಲಿನ ಪತ್ರ ಕಿತ್ತು ಬ್ಯಾಗಿಗೆ ಹಾಕಿಕೊಳ್ಳುವುದು ನನ್ನ ಕಣ್ಣಿಗೆ ಕಟ್ಟಿತ್ತು. ಹೊಗಳಿ ಎರಡು ಸಲ ಕೂಡಿಹಾಕಿದೆ, ಮೂರನೇ ಸಲ ಪೂಜೆ ಮಾಡಿ ಕೂಡಿಹಾಕಿದೆ ಅನ್ನಿಸಿತು. ಹಾಗಿದ್ದೂ, ಅಜ್ಜುವಿನ ಜೇಬಿನಲ್ಲಿ ಕೆಂಪು ಪೆನ್ನಿತ್ತೇನೋ ಎಂದು ಅವನನ್ನು ಗದರಿಸುವಷ್ಟು ಸಣ್ಣತನ ಉಳಿಸಿಕೊಂಡಿದ್ದೆ.

ಆಗ ರಾಣಿ ಗಾಜಿಗೆ ಮೂಗು ಒತ್ತಿ ನೋಡಿ, “ಅಪ್ಪಾ, ಇದು ಪೆನ್ನಲ್ಲ. ಅರಿಶಿನಕ್ಕೆ ಸೋಪ್ ಸೇರಿದ್ರೆ ಕೆಂಪಾಗತ್ತೆ. ಹೋದ್ ವರ್ಷ ಸ್ಕೂಲಲ್ಲಿ ಅರಿಶಿನದ್ ಕಾಗದ ಮಾಡ್ಸಿದ್ರು, ಮರ್ತೋಯ್ತಾ? ಹುಳಿ ಹಾಕಿದ್ರೆ ವಾಪಸ್ ಹಳದಿ ಆಗತ್ತೆ” ಅಂದಳು. ಮರೆಯಲು ನನಗೆ ಅದು ಗೊತ್ತೇ ಇರಲಿಲ್ಲ. ಆ ಕಾಗದ ಕಲಸಿದ ಬಟ್ಟಲು ಬಚ್ಚಲಲ್ಲಿ ಇಟ್ಟದ್ದಕ್ಕೆ ಅವಳನ್ನು ಬೈದದ್ದು ಮಾತ್ರ ನೆನಪಿತ್ತು. ತಾವು ರಾಗ ಹಾಡಿ ಬಾಗಿಲು ತೆರೆದ ಕೂಡಲೇ ಅಣ್ಣ ತಂಗಿ ಇಬ್ಬರೂ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ತಮ್ಮ ತಲೆಯ ಮೇಲಿದ್ದ ಪೂಜೆಯ ನಿಂಬೆಹಣ್ಣುಗಳನ್ನು ಒಂದೊಂದಾಗಿ ಹಿಂಡಿದರು. ಕೆಂಪು ಹೋಯಿತು. ಹಳದಿ ಕೂತಿತು. ಈಗ ಬಟ್ಟೆ ನೋಡಿದರೆ ಯಾರದೋ ಮನೆಯ ಅರಿಶಿನದೆಣ್ಣೆ ಶಾಸ್ತ್ರ ಮುಗಿಸಿ ಬಂದವರ ಹಾಗಿತ್ತು.

ಬಕೆಟ್ಟು ಹಿಡಿದು ತಾರಸಿಗೆ ಹತ್ತುವಾಗ ಮೆಟ್ಟಿಲಲ್ಲಿ ಸಿಕ್ಕ ಮುನಿಕೆಂಪಮ್ಮನವರು ಒಳಗೆ ಇಣುಕಿ, “ಅರಿಸ್ನಾನಾ? ಅದಕ್ಯಾಕಪ್ಪ ಇಂಗ್ ಮಕ ಮಾಡ್ಕಂಡಿದ್ದೀಯ? ಒದ್ದೇಲೇ ಬಿಸ್ಲಿಗೆ ಆಕು. ಬಿಸ್ಲು ತಿಂದಾಕ್ತದೆ” ಅಂದರು. ಅವತ್ತು ಮೋಡವಿತ್ತು. ನಾನು ಸಲಹೆ ಕೊಡಲು ಬಾಯಿ ತೆರೆದಾಗ ಅಜ್ಜು ಕ್ಲಿಪ್ಪಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ನೀರಿನ ತೊಟ್ಟಿಯ ಪಕ್ಕದಲ್ಲಿ ಕೂರಿಸಿದ. ಬಿಸಿಲು ಬಂದ ಕಡೆಗೆ ಕೋಟನ್ನು ಸರಿಸುವುದು, ಒಣಗುತ್ತಿದ್ದಂತೆ ಮತ್ತೆ ನೀರು ಚಿಮುಕಿಸುವುದು, ಕಾಲರು ಬಿಡಿಸಿ ತಿರುವಿ ಹಾಕುವುದು, ಹೀಗೆ ಮಧ್ಯಾಹ್ನವೆಲ್ಲ ಆ ಇಬ್ಬರೂ ಮಾಡಿದ್ದನ್ನು ನಾನು ಕೂತು ನೋಡಿದೆ. ಕೇಳಿದಾಗ ಕ್ಲಿಪ್ಪು ಕೊಟ್ಟೆ.

ನಾಲ್ಕೂವರೆಗೆ ಶಶಿರೇಖಾ ಬ್ಯಾಗು ಕೂಡ ಇಳಿಸದೆ ನೇರ ತಾರಸಿಗೇ ಬಂದಳು; ಮುನಿಕೆಂಪಮ್ಮನವರು ಗೇಟಿನಲ್ಲೇ ಸುದ್ದಿ ಮುಟ್ಟಿಸಿದ್ದರು. ಕೋಟುಗಳಲ್ಲಿ ಇನ್ನೂ ತೆಳು ಹಳದಿ ಇತ್ತು. ಅವಳು ಒಂದರ ತೋಳು ಹಿಡಿದು ಬೆಳಕಿಗೆ ನೋಡಿದಳು, ಮಕ್ಕಳಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದ ಸೋಪು, ಅರಿಶಿನ, ನಿಂಬೆ, ಬಿಸಿಲಿನ ಕತೆಯನ್ನು ಪೂರ್ತಿ ಕೇಳಿದಳು, ಕೊನೆಗೆ ಕ್ಲಿಪ್ಪಿನ ಡಬ್ಬಿ ಹಿಡಿದು ಕೂತಿದ್ದ ನನ್ನ ಕಡೆ ತಿರುಗಿದಳು. ನನಗೆ ಬೇರೇನೂ ತೋಚದೆ, “ನೀನಿಲ್ದೆ ನಡೆಯಲ್ಲ ಅಂತಿದ್ನಲ್ಲ, ಅದು ತಪ್ಪು ಕಣೇ. ನಾನು ನಡೆಸ್ತಾ ಇರ್ಲಿಲ್ಲ ಅಷ್ಟೇ. ಹೋಗ್ಬಾ” ಅಂದೆ. ಅವಳು ಕೋಟಿನ ತೋಳು ಬಿಟ್ಟು, “ಕೋಟ್ ಕೆಡ್ಸೋದು ಯಾರ್ ಬೇಕಾದ್ರೂ ಕೆಡುಸ್ತಾರೆ ಕಣ್ರೀ. ಸರಿ ಮಾಡೋರು ಇದ್ದಾರಲ್ಲ, ಸಾಕು. ಮಕ್ಳು ಪಾಸು, ನಾನು ಹೋಗ್ತೀನಿ. ನಿಮಗೆ ಮಾತ್ರ ಎಲ್ಲೆಲ್ಲಾರ್” ಅಂದಳು. ತಮಗೆ ತಿಳಿದಿರಲಿ, ಮಾನ್ಯರೇ, ಕಾರು ಕಲಿಯಲು ಬರುವವರಿಗೆ ಮೊದಲು ಕೊಡುವ ಪರವಾನಗಿ ಅದು. ಅದು ಇದ್ದವರು ಪಕ್ಕದಲ್ಲಿ ಪಕ್ಕಾ ಲೈಸೆನ್ಸಿನವರನ್ನು ಕೂರಿಸಿಕೊಳ್ಳದೆ ಗಾಡಿ ಮುಟ್ಟುವಂತಿಲ್ಲ.

ಭಾನುವಾರ ಬೆಳಿಗ್ಗೆ ಯಶವಂತಪುರದಲ್ಲಿ ಅವಳನ್ನು ರೈಲು ಹತ್ತಿಸಿ ಬಂದಾಗ, ನನ್ನದೇ ಕಾರಿನಿಂದ ಕಿತ್ತ ಕೆಂಪು ‘ಎಲ್’ ಹಲಗೆಯನ್ನು ಮಕ್ಕಳು ತಮ್ಮ ಗಾಜಿನ ಬಾಗಿಲ ಮೇಲ್ಗಡೆ ಅಂಟಿಸಿದ್ದರು. ಕೆಳಗೆ ರಾಣಿಯ ದುಂಡು ಅಕ್ಷರದಲ್ಲಿ, ‘ಅಪ್ಪ ಒಬ್ಬನೇ ಇದ್ದಾಗ ಚಾಲೂ ಮಾಡುವಂತಿಲ್ಲ’ ಎಂದಿತ್ತು. ಈಗ ಮೂರು ವಾರವಾಯಿತು. ರಾಣಿ ಇಲ್ಲವೇ ಅಜ್ಜು ಸ್ಟೂಲಿನ ಮೇಲೆ ಕೂತ ಮೇಲೆಯೇ ನಾನು ಬಟ್ಟೆ ಹಾಕುತ್ತೇನೆ. ಮೊನ್ನೆ ಒಂದು ಹೊರೆಯನ್ನು ಪೂರ್ತಿ ನಾನೇ ಒಗೆದು ಒಣಗಿಸಿದೆನೆಂದು ಹುಬ್ಬಳ್ಳಿಗೆ ಫೋನು ಮಾಡಿ ಹೇಳಿಕೊಂಡೆ. ಅಲ್ಲಿ ಅವಳ ಕೋಟಿನ ಕಾಲರಿನ ಹಿಂದೆ ಬೆರಳಗಲ ಹಳದಿ ಇನ್ನೂ ಉಳಿದಿದೆಯಂತೆ. ಜೊತೆಯವರು ಕೇಳಿದರೆ, “ನಮ್ಮನೆಯವ್ರ ಪೂಜೆ” ಅನ್ನುತ್ತಾಳಂತೆ.

ಆದಕಾರಣ ತಮ್ಮಲ್ಲಿ ನನ್ನ ನಮ್ರ ಬೇಡಿಕೆ ಇಷ್ಟೆ: ಮುಂದಿನ ಆಯುಧಪೂಜೆಯೊಳಗೆ ತಾವು ದಯಮಾಡಿ ನನ್ನ ಕಾಲಡಿಗೂ ಒಂದು ಬ್ರೇಕು ಬೆಳೆಸಿಕೊಳ್ಳಬೇಕು, ನಾನು ಅರಿಶಿನದ ಬಟ್ಟಲು ಹಿಡಿದು ಬರುವುದು ಕಂಡರೆ ಹಾರ್ನು ಹೊಡೆಯಬೇಕು, ಅದಾಗದಿದ್ದರೆ ಆ ದಿನದ ಮಟ್ಟಿಗೆ ನಾಲ್ಕು ಪಾದಗಳನ್ನು ಬಳಸಿ ಕೆಂಪಾಪುರದ ಕಡೆಗಾದರೂ ಹೋಗಿಬಿಡಬೇಕು, ಮತ್ತು ಆರು ವರ್ಷದಿಂದ ತಮ್ಮ ಮುಂದೆ ದಿನಾ ಬಗ್ಗಿ ಎದ್ದವಳ ವಿಷಯ ನನಗಿಂತ ತಮಗೇ ಹೆಚ್ಚು ಗೊತ್ತಿರುವುದರಿಂದ, ಅವಳು ಮೇಲ್ವಿಚಾರಕಿಯಾಗಿ ಮರಳುವ ದಿನ ತಮ್ಮ ಆ ರಾಗವನ್ನು ಸ್ವಲ್ಪ ದೊಡ್ಡದಾಗಿಯೇ ಹಾಡಬೇಕು. ತಮ್ಮ ಮೇಲೆ ಹೊರಿಸಿದ್ದ ಆಪಾದನೆಗಳನ್ನೆಲ್ಲ ಪುನಃ ಓದಿ ನೋಡಿದಾಗ ಎಲ್ಲವೂ ನನ್ನವೇ ಆಗಿ ಕಂಡಿದ್ದರಿಂದ ದೂರನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ.

ಎಲ್ ಹಲಗೆಯ ಅಡಿಯಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ಬಾಲರಾಜ್

ಮರೆತ ಮಾತು: ಇದು ಈ ಪತ್ರದ ಎರಡನೆಯ ಪ್ರತಿ. ಮೊದಲನೆಯದನ್ನು ತಾವು ನಿನ್ನೆಯೇ ಓದಿದ್ದೀರಿ. ಮಕ್ಕಳಿಬ್ಬರೂ ಟ್ಯೂಷನ್ನಿಗೆ ಹೋಗಿದ್ದಾಗ ನಾನೊಬ್ಬನೇ ಧೈರ್ಯ ಮಾಡಿ ಹಾಕಿದ ಹೊರೆಯಲ್ಲಿ, ನನ್ನ ಕಪ್ಪು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಅದು ಇತ್ತು. ಈಗ ಅದು ಆ ಪ್ಯಾಂಟಿನ ತುಂಬ ಬಿಳಿ ಚೂರುಗಳಾಗಿ ಅಂಟಿಕೊಂಡಿದೆ, ಸಾವಿರ ಸಲ ಕೊಡವಿದರೂ ಹೋಗುತ್ತಿಲ್ಲ. ಅಜ್ಜು ಹೋಗಿ ತನ್ನ ನೋಟ್‌ಬುಕ್ಕು ತಂದು, ಜೇಬಿನ ಸೂತ್ರವಿರುವ ಪುಟ ತೆಗೆದು, ಮೂರು ಸಲ ಬರೆಯಲು ಹೇಳಿದ್ದಾನೆ. ಎರಡು ಸಲ ಮುಗಿದಿದೆ.